ಚಿಕ್ಕ ವಾಕ್ಯಗಳನ್ನು ಜೋಡಿಸುತ್ತಾ ಹೋದರೆ ಬರವಣಿಗೆ ಸುಧಾರಿಸುತ್ತದೆಯೇ?

ವ್ಯಾಕರಣದ ನಿಯಮಗಳನ್ನು ಬಾಯಿಪಾಠ ಮಾಡಿಸಿದರೆ ಮಕ್ಕಳು ಚೆನ್ನಾಗಿ ಬರೆಯಲು ಕಲಿಯುತ್ತಾರೆ ಎಂಬ ನಂಬಿಕೆ ನಮ್ಮಲ್ಲಿದೆ. ಸಾಮಾನ್ಯ ವಾಕ್ಯ, ಸಂಯೋಜಿತ ವಾಕ್ಯ, ಮಿಶ್ರ ವಾಕ್ಯ ಎಂಬ ಹೆಸರುಗಳನ್ನು ನಾವೂ ಶಾಲೆಯಲ್ಲಿ ಕಲಿತಿದ್ದೇವೆ. ಆದರೂ ಪ್ರಬಂಧ ಬರೆಯಲು ಕೂತರೆ ಪೆನ್ನು ಓಡುವುದಿಲ್ಲ. ಏಕೆ?

ಅಧ್ಯಯನಗಳು ಏನು ಹೇಳುತ್ತವೆ?

ಅಮೆರಿಕದ ಫ್ರಾಂಕ್ ಓಹೇರ್ 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಏಳನೇ ತರಗತಿಯ ಮಕ್ಕಳಿಗೆ ವ್ಯಾಕರಣದ ಪರಿಭಾಷೆ ಕಲಿಸದೆಯೇ ಚಿಕ್ಕ ವಾಕ್ಯಗಳನ್ನು ಜೋಡಿಸುವ ಅಭ್ಯಾಸ ಮಾಡಿಸಲಾಯಿತು. ಈ ಅಭ್ಯಾಸ ಮಾಡದ ಮಕ್ಕಳ ಬರಹಕ್ಕಿಂತ ಇವರ ಬರಹ ಉತ್ತಮವಾಗಿದೆ ಎಂದು ಶಿಕ್ಷಕರು ಗುರುತಿಸಿದರು. 2007ರಲ್ಲಿ ಸ್ಟೀವ್ ಗ್ರಹಾಂ ಮತ್ತು ಡೊಲೊರೆಸ್ ಪೆರಿನ್ ಇಂಥ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿ, ಬರವಣಿಗೆ ಕಲಿಸುವ 11 ಪರಿಣಾಮಕಾರಿ ವಿಧಾನಗಳಲ್ಲಿ ವಾಕ್ಯ ಜೋಡಣೆಯನ್ನೂ ಸೇರಿಸಿದರು. ಬರೀ ವ್ಯಾಕರಣ ಪಾಠದಿಂದ ಬರಹ ಸುಧಾರಿಸಿದ್ದು ಅವರಿಗೆ ಕಾಣಲಿಲ್ಲ.

ಕನ್ನಡದಲ್ಲಿ ಜೋಡಿಸುವುದು ಹೇಗೆ?

ಇವು ಇಂಗ್ಲಿಷ್ ಬರವಣಿಗೆಯ ಅಧ್ಯಯನಗಳು. ಕನ್ನಡದಲ್ಲಿ ಜೋಡಣೆಯ ಹೆಚ್ಚಿನ ಕೆಲಸ ನಡೆಯುವುದು ಕ್ರಿಯಾಪದದ ಕೊನೆಯಲ್ಲಿ. ಒಂದು ಉದಾಹರಣೆ ನೋಡೋಣ:

ಬಾವಿಯ ನೀರು ತಿಳಿಯಾಗಿತ್ತು. ಅದರಲ್ಲಿ ರೋಗಾಣುಗಳಿದ್ದವು. ಮನೆಯವರು ಅದನ್ನು ಕುದಿಸಲಿಲ್ಲ. ಹಾಗೆಯೇ ಕುಡಿದರು. ಅವರಿಗೆ ವಾಂತಿಭೇದಿ ಆಯಿತು.

ಜೋಡಿಸಿದಾಗ: ತಿಳಿಯಾಗಿದ್ದರೂ ರೋಗಾಣುಗಳಿದ್ದ ಬಾವಿಯ ನೀರನ್ನು ಕುದಿಸದೆ ಕುಡಿದಿದ್ದರಿಂದ ಮನೆಯವರಿಗೆ ವಾಂತಿಭೇದಿ ಆಯಿತು.

ಐದು ವಾಕ್ಯ ಒಂದಾಯಿತು. ‘ತಿಳಿಯಾಗಿದ್ದರೂ’ ಎಂಬುದು ನಮ್ಮ ನಿರೀಕ್ಷೆ ತಪ್ಪಿದ್ದನ್ನು ಹೇಳುತ್ತದೆ. ‘ರೋಗಾಣುಗಳಿದ್ದ’ ಎಂಬುದು ನೀರು ಎಂಥದ್ದೆಂದು ತಿಳಿಸುತ್ತದೆ. ‘ಕುದಿಸದೆ’ ಎಂಬುದು ಮಾಡದೆ ಬಿಟ್ಟ ಕೆಲಸವನ್ನೂ ‘ಕುಡಿದಿದ್ದರಿಂದ’ ಎಂಬುದು ಕಾರಣವನ್ನೂ ತೋರಿಸುತ್ತವೆ. ಬಿಡಿ ವಾಕ್ಯಗಳಲ್ಲಿ ಈ ಸಂಬಂಧಗಳನ್ನು ಓದುಗರೇ ಊಹಿಸಿಕೊಳ್ಳಬೇಕಿತ್ತು.

ಎಚ್ಚರ ಎಲ್ಲಿ ಬೇಕು?

ಈಗ ಈ ಎರಡು ವಾಕ್ಯ ನೋಡಿ: ಅಜ್ಜಿ ಕಷಾಯ ಕುಡಿದರು. ಐದು ದಿನದಲ್ಲಿ ನೆಗಡಿ ಹೋಯಿತು.

‘ಕಷಾಯ ಕುಡಿದ ಮೇಲೆ ನೆಗಡಿ ಹೋಯಿತು’ ಎಂದರೆ ಒಂದರ ನಂತರ ಒಂದು ನಡೆಯಿತು ಎಂದಷ್ಟೇ ಅರ್ಥ. ‘ಕಷಾಯ ಕುಡಿದಿದ್ದರಿಂದ ನೆಗಡಿ ಹೋಯಿತು’ ಎಂದ ಕೂಡಲೇ ಅದು ಕಾರಣದ ಮಾತಾಗುತ್ತದೆ, ಅದಕ್ಕೆ ಪುರಾವೆ ಬೇಕಾಗುತ್ತದೆ. ಸಾಮಾನ್ಯ ನೆಗಡಿ ಔಷಧಿ ಇಲ್ಲದೆಯೂ ಸುಮಾರು ಒಂದು ವಾರದಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಕಷಾಯದಿಂದ ಗಂಟಲಿಗೆ ಹಿತವಾಗಿರಬಹುದು, ಆದರೆ ನೆಗಡಿ ಹೋಗಿದ್ದು ಅದರಿಂದಲೇ ಎಂದು ಈ ಎರಡು ವಾಕ್ಯಗಳು ಹೇಳುವುದಿಲ್ಲ. ಹಾಗೆ ಹೇಳಿದ್ದು ಜೋಡಿಸಿದ ನಾವು!

ಮನೆಯಲ್ಲಿ ಅಭ್ಯಾಸ ಹೀಗಿರಲಿ

ಪತ್ರಿಕೆಯ ಒಂದು ಉದ್ದ ವಾಕ್ಯವನ್ನು ನಾಲ್ಕೈದು ಚಿಕ್ಕ ವಾಕ್ಯಗಳಾಗಿ ಬಿಡಿಸಿ. ಮೂಲವನ್ನು ಮುಚ್ಚಿಟ್ಟು ಅವುಗಳನ್ನು ಎರಡು ಮೂರು ರೀತಿಯಲ್ಲಿ ಜೋಡಿಸಲು ಮಕ್ಕಳಿಗೆ ಹೇಳಿ. ಯಾವುದು ಹೆಚ್ಚು ಸ್ಪಷ್ಟವಾಗಿದೆ ಎಂದು ಗಟ್ಟಿಯಾಗಿ ಓದಿ ನೋಡಿ. ಒಂದೇ ಸರಿ ಉತ್ತರ ಇರಬೇಕಿಲ್ಲ. ಓದುವಾಗ ಉಸಿರು ಕಟ್ಟಿದರೆ ಅಥವಾ ಯಾರು ಏನು ಮಾಡಿದರೆಂದು ಗೊಂದಲವಾದರೆ ವಾಕ್ಯವನ್ನು ಮತ್ತೆ ಎರಡಾಗಿಸಿ. ಉದ್ದ ವಾಕ್ಯ ಬರೆಯುವುದೇ ಜಾಣತನವಲ್ಲ.

ವಾಟ್ಸಾಪ್‌ನಲ್ಲಿ ಬರುವ ಆರೋಗ್ಯ ಸಲಹೆಗಳನ್ನೂ ಹೀಗೆಯೇ ಬಿಡಿಸಿ ನೋಡಿ. ‘ಇದರಿಂದ’ ಎಂದಿರುವ ಕಡೆ ‘ಇದಾದ ಮೇಲೆ’ ಎಂದು ಹಾಕಿ ಓದಿ. ಎಷ್ಟೋ ಸಂದೇಶಗಳ ಬಲ ಅಲ್ಲಿಗೇ ಇಳಿದುಹೋಗುತ್ತದೆ.