ಒಂದು ಹೊಸ ಜೋಗುಳ

ಬಾಣಂತಿ ಮನೆಗೆ ಹೋದಾಗ ನಾವು ಮೊದಲು ಏನು ಕೇಳ್ತೀವಿ? "ಕೂಸು ಗಂಡೋ, ಹೆಣ್ಣೋ?" ತಾಯಿ ಹೇಗಿದ್ದಾಳೆ ಅಂತ ಕೇಳೋದು ಆಮೇಲೆ. ನಾವೂ ಹಾಗೇ ಕೇಳಿದವರೇ.

ಅಕ್ಕಂದಿರೇ, ಮೈ ನೋಡಿ ಗಂಡು ಅಥವಾ ಹೆಣ್ಣು ಎಂದು ಹೇಳಲಾಗದ ಕೂಸುಗಳೂ ಹುಟ್ಟುತ್ತವೆ. ಅಂಥ ಕೂಸಿನ ತಾಯಿ ಏನು ಉತ್ತರ ಕೊಡಬೇಕು?

ಕೇರಳದ ಕವಿ ವಿಜಯರಾಜಮಲ್ಲಿಕಾ ಇಂಥ ಕೂಸಿಗೆಂದೇ ಜೋಗುಳ ಬರೆದರು. ಇವರು ತ್ರಿಶೂರ್ ಜಿಲ್ಲೆಯವರು. ಮಲಯಾಳಂ ಭಾಷೆಯಲ್ಲಿ ಬರೆಯುತ್ತಾರೆ. ಹುಟ್ಟಿದಾಗ ಇವರನ್ನು ಗಂಡು ಎಂದರು. ಆದರೆ ಇವರ ಮನಸ್ಸು ಹೆಣ್ಣು. ಈಗ ಹೆಣ್ಣಾಗಿಯೇ ಬಾಳುತ್ತಿದ್ದಾರೆ. ತಮ್ಮಂಥವರ ಹಕ್ಕಿಗಾಗಿ ದನಿ ಎತ್ತುತ್ತಾರೆ. ಇವರು ಬರೆದದ್ದು ಮದರಾಸು ವಿಶ್ವವಿದ್ಯಾಲಯದಲ್ಲಿ ಪಾಠವೂ ಆಯಿತು.

ನಾವು ಕಲಿತ ಜೋಗುಳಗಳಲ್ಲಿ ರಾಮ ಇದ್ದಾನೆ, ಕೃಷ್ಣ ಇದ್ದಾನೆ. ಈ ಕೂಸು ಇರಲಿಲ್ಲ. ಮಲ್ಲಿಕಾ ಅವರ ಹಾಡು ಕೂಸು ಹೇಗಿದೆಯೋ ಹಾಗೇ ಹೇಳುತ್ತದೆ. ಹಾಗೇ ಮುದ್ದು ಮಾಡುತ್ತದೆ.

ಇಂಥ ಕೂಸು ಯಾಕೆ ಹುಟ್ಟುತ್ತದೆ? ಗ್ರಹಣ ನೋಡಿದ್ದಕ್ಕಲ್ಲ. ತಾಯಿಯ ಪಾಪಕ್ಕಂತೂ ಅಲ್ಲವೇ ಅಲ್ಲ. ಹೊಟ್ಟೆಯಲ್ಲಿ ಕೂಸು ಬೆಳೆಯುವಾಗ ಹಾರ್ಮೋನು ಎಂಬ ರಸಗಳು ಅದರ ಮೈಗೆ ರೂಪ ಕೊಡುತ್ತವೆ. ಅವು ಹೆಚ್ಚುಕಡಿಮೆ ಆದರೆ ರೂಪ ಬೇರೆಯಾಗಬಹುದು. ಬೇರೆ ಕಾರಣಗಳೂ ಇವೆ.

ಕೂಸನ್ನು ಡಾಕ್ಟರಿಗೆ ತೋರಿಸಲೇಬೇಕು. ನಾಚಿಕೆಯಿಂದ ಮುಚ್ಚಿಡಬಾರದು. ಇಂಥ ಕೆಲವು ಕೂಸುಗಳ ಮೈಯಲ್ಲಿ ಉಪ್ಪಿನ ಅಂಶ ನಿಲ್ಲುವುದಿಲ್ಲ. ವಾಂತಿಯಾಗುತ್ತದೆ, ಕೂಸು ಸೊರಗುತ್ತದೆ. ಕೂಡಲೇ ಔಷಧಿ ಸಿಗದಿದ್ದರೆ ಜೀವ ಹೋಗಬಹುದು.

ಆದರೆ ಜೀವಕ್ಕೆ ಏನೂ ಅಪಾಯ ಇಲ್ಲದಾಗ, ಬರೀ ಗಂಡೋ ಹೆಣ್ಣೋ ಮಾಡಬೇಕೆಂದು ಎಳೇ ಕೂಸಿಗೆ ಆಪರೇಷನ್ ಮಾಡಿಸುವುದಿದೆ. ಒಮ್ಮೆ ಕೊಯ್ದದ್ದು ಮತ್ತೆ ಬರುತ್ತದೆಯೇ? ದೊಡ್ಡದಾದ ಮೇಲೆ ಆ ಮಗು, "ನನ್ನನ್ನು ಯಾಕೆ ಕೇಳಲಿಲ್ಲ?" ಎಂದರೆ ಏನು ಹೇಳೋಣ?

ತಮಿಳುನಾಡಿನಲ್ಲಿ 2019ರಲ್ಲಿ ಮದರಾಸು ಹೈಕೋರ್ಟ್ ಹೇಳಿದ ಮೇಲೆ ಸರ್ಕಾರ ಇಂಥ ಆಪರೇಷನ್ ನಿಲ್ಲಿಸಿತು. ಜೀವಕ್ಕೆ ಅಪಾಯ ಇದ್ದರೆ ಮಾತ್ರ ಮಾಡಬಹುದು. ಕೇರಳದಲ್ಲಿ ತಂದೆತಾಯಿಯೇ ಹೈಕೋರ್ಟಿಗೆ ಹೋದರು. ತಮ್ಮ ಮಗುವನ್ನು ಹೆಣ್ಣಾಗಿ ಬೆಳೆಸಲು ಆಪರೇಷನ್ನಿಗೆ ಅಪ್ಪಣೆ ಕೇಳಿದರು. ಅವರಿಗೆ ಮಗುವಿನ ಮೇಲೆ ಪ್ರೀತಿ ಇರಲಿಲ್ಲ ಎಂದು ನಾವು ಹೇಳಲಾರೆವು. ಊರಿನ ಬಾಯಿಗೆ ಯಾರು ತಾನೇ ಹೆದರುವುದಿಲ್ಲ? 2023ರಲ್ಲಿ ಕೋರ್ಟ್ ನೇರವಾಗಿ ಅಪ್ಪಣೆ ಕೊಡಲಿಲ್ಲ. ಪರಿಣತರ ಸಮಿತಿ ಮಗುವನ್ನು ನೋಡಲಿ ಎಂದಿತು. ಇಂಥ ಆಪರೇಷನ್ನಿಗೆ ನಿಯಮ ಮಾಡಿ ಎಂದು ಸರ್ಕಾರಕ್ಕೂ ಹೇಳಿತು.

ಮುಂದಿನ ಸಲ ಬಾಣಂತಿ ಮನೆಗೆ ಹೋದಾಗ "ಕೂಸು ಹಾಲು ಕುಡೀತಿದೆಯಾ, ಚೆನ್ನಾಗಿ ನಿದ್ದೆ ಮಾಡ್ತಿದೆಯಾ?" ಎಂದು ಮೊದಲು ಕೇಳಿ ನೋಡೋಣ.