ವೇಲಾಶಬ್ದಾರ್ಥವೂ ಕಡಲತಡಿಯ ಜೀರ್ಣೋದ್ಧಾರವೂ

ಅಮರಸಿಂಹನು ತನ್ನ ಕೋಶದ ನಾನಾರ್ಥವರ್ಗದಲ್ಲಿ 'ವೇಲಾ' ಎಂಬ ಶಬ್ದಕ್ಕೆ ಸಮುದ್ರಜಲದ ವಿಕಾರ, ಕಾಲ, ಮರ್ಯಾದೆ ಎಂದು ಮೂರು ಅರ್ಥಗಳನ್ನು ಹೇಳಿರುವನು. ಇದರ ತದ್ಭವವಾದ ನಮ್ಮ 'ವೇಳೆ'ಯಲ್ಲಿ ಕಾಲವೆಂಬ ಅರ್ಥವೇ ಮುಖ್ಯವಾಗಿ ಉಳಿದಿದೆ. ಕಡಲು ಎಲ್ಲೆಯನ್ನು ಮೀರದೆಂಬ ಕವಿಸಮಯವನ್ನು ಪಾಠ ಹೇಳುವಾಗ ನಾವು ಮರ್ಯಾದಾರ್ಥವೊಂದನ್ನೇ ಹಿಡಿದು ಮುಂದೆ ಸಾಗುವೆವು. ಆದರೆ ಕಡಲ್ಕೊರೆತವನ್ನೂ ಅದನ್ನು ತಡೆಯಲು ಕಟ್ಟಿದ ಕಲ್ಲುಗೋಡೆಗಳ ದುರಸ್ತಿಯನ್ನೂ ವಿಚಾರಿಸಿ ನೋಡಿದರೆ, ಈ ಮೂರೂ ಒಂದೇ ವಸ್ತುವಿನ ಮೂರು ಧರ್ಮಗಳೆಂದು ತಿಳಿಯುವುದು. ಅದನ್ನು ವಿಶದಪಡಿಸುವುದೇ ಈ ಲೇಖನದ ಉದ್ದೇಶ.

ಉದಾಹರಣೆಗೆ ಕುಂದಾಪುರದ ಉತ್ತರಕ್ಕಿರುವ ಮರವಂತೆಯನ್ನು ತೆಗೆದುಕೊಳ್ಳೋಣ. ಇಲ್ಲಿ ಸೌಪರ್ಣಿಕಾ ನದಿಯು ಕಡಲಿನ ಸಮೀಪಕ್ಕೆ ಬಂದೂ ಅದನ್ನು ಸೇರದೆ, ದಕ್ಷಿಣಕ್ಕೆ ತಿರುಗಿ ಗಂಗೊಳ್ಳಿಯ ಬಳಿ ಸಮುದ್ರಗಾಮಿನಿಯಾಗುವುದು. ನದಿಗೂ ಕಡಲಿಗೂ ನಡುವೆ ಉಳಿದಿರುವ ಕಿರಿದಾದ ನೆಲದ ಮೇಲೆ 66ನೆಯ ರಾಷ್ಟ್ರೀಯ ಹೆದ್ದಾರಿಯು ಹಾದುಹೋಗಿದೆ. ಮೀನುಗಾರರ ಮನೆಗಳೂ ದೋಣಿಗಳೂ ಈ ತೀರವನ್ನೇ ಆಶ್ರಯಿಸಿವೆ. ಇತ್ತ ಕುಂದಾಪುರದ ಆಸುಪಾಸಿನ ಮರಳದಂಡೆಗಳಲ್ಲಿ ಆಲಿವ್ ರಿಡ್ಲಿ ಎಂಬ ಕಡಲಾಮೆಗಳು ಮೊಟ್ಟೆಯಿಡುವುದುಂಟು. ಆದುದರಿಂದ ಇಂತಹ ತೀರದಲ್ಲಿ ಮನುಷ್ಯನ ದಾರಿ, ಅವನ ಜೀವನ, ಮೂಕಪ್ರಾಣಿಯ ಸಂತತಿ ಇವು ಮೂರೂ ಒಂದೇ ಮರಳನ್ನು ನಂಬಿಕೊಂಡಿರುವುವು.

ಮೊದಲು ಜಲವಿಕಾರವನ್ನು ನೋಡುವ. ಮಳೆಗಾಲದ ಪ್ರಚಂಡವಾದ ಅಲೆಗಳು ದಂಡೆಯ ಮರಳನ್ನು ಸೆಳೆದೊಯ್ದು, ತೀರದಿಂದ ತುಸು ದೂರದಲ್ಲಿ ನೀರಿನೊಳಗೆ ದಿಣ್ಣೆಯಾಗಿ ಒಟ್ಟುವುವು. ಮುಂದೆ ಬರುವ ಅಲೆಗಳು ಆ ದಿಣ್ಣೆಯ ಮೇಲೆಯೇ ಒಡೆದು ಬಲಗುಂದುವುವು. ಮಳೆ ನಿಂತಮೇಲೆ ಮೆಲ್ಲನೆಯ ಅಲೆಗಳು ಅದೇ ಮರಳನ್ನು ಮರಳಿ ದಡಕ್ಕೆ ತಂದು ಹರಡುವುವು. ಹೀಗೆ ದಂಡೆಯು ತಾನು ಕರಗಿ ನೆಲವನ್ನು ಕಾಯುವುದು. ಇದಲ್ಲದೆ, ಓರೆಯಾಗಿ ಬಂದು ಬಡಿಯುವ ಅಲೆಗಳಿಂದ ಮರಳು ತೀರದುದ್ದಕ್ಕೂ ಸಾಗುತ್ತಿರುವುದು. ನದಿಗೆ ಕಟ್ಟಿದ ಅಣೆಕಟ್ಟಾಗಲಿ ಅಳಿವೆಯಲ್ಲಿ ಚಾಚಿದ ಕಲ್ಲುಕಟ್ಟೆಯಾಗಲಿ ಈ ಸಂಚಾರವನ್ನು ತಡೆದರೆ, ಮುಂದಿನ ಊರಿನ ದಂಡೆಯಲ್ಲಿ ಆಯವು ಕುಗ್ಗಿ ವ್ಯಯವು ಹೆಚ್ಚುವುದು.

ಇನ್ನು ಮರ್ಯಾದೆಯ ವಿಚಾರ. ಕೊರೆತವನ್ನು ಕಂಡ ಜನರು ಗೋಡೆಯನ್ನು ಬೇಡುವರು. ಅದು ಸಹಜವೇ ಸರಿ. ಆದರೆ ಗೋಡೆಗೆ ಬಡಿದ ಅಲೆಯು ಹಿಮ್ಮೆಟ್ಟುವಾಗ ಅದರ ಬುಡದ ಮರಳನ್ನು ಕೆದಕಿ ಒಯ್ಯುವುದು. ಬುಡವು ಆಳವಾಗುವುದು. ಆಳವಿಲ್ಲದ ನೀರಿನಲ್ಲಿ ಅಲೆಯು ಆಳದ ಸುಮಾರು ಮುಕ್ಕಾಲು ಪಾಲು ಎತ್ತರವಾಗುವಷ್ಟರಲ್ಲಿಯೇ ಒಡೆದುಬೀಳುವ ಕಾರಣ, ಆಳವು ಹೆಚ್ಚಿದಷ್ಟೂ ದೊಡ್ಡ ಅಲೆಯು ಗೋಡೆಯನ್ನು ಮುಟ್ಟಬಲ್ಲದು. ಅಲೆಯನ್ನು ತಾಳಿ ನಿಲ್ಲಬೇಕಾದ ಕಲ್ಲಿನ ತೂಕವಾದರೋ ಅಲೆಯ ಎತ್ತರದ ಘನವನ್ನು ಅನುಸರಿಸುವುದು. ಎತ್ತರವು 2 ಪಾಲಾದರೆ ತೂಕವು 8 ಪಾಲಾಗಬೇಕು. ಹಳೆಯ ಗೋಡೆ ಜರಿದಾಗ ಅದೇ ಗಾತ್ರದ ಕಲ್ಲನ್ನು ಮತ್ತೆ ಸುರಿದರೆ ಅದು ನಿಲ್ಲದಿರುವುದಕ್ಕೆ ಇದೇ ಕಾರಣ.

ಇಲ್ಲಿ ಪೂರ್ವಪಕ್ಷವೊಂದುಂಟು: ಹಾಗಾದರೆ ಎಂಟು ಪಾಲು ತೂಕದ ಕಲ್ಲನ್ನೇ ಹಾಕಬಹುದಲ್ಲವೆ? ಸಮಾಧಾನವೇನೆಂದರೆ, ಗೋಡೆ ನಿಂತರೂ ಮುಂದಿನ ಮರಳು ನಿಲ್ಲದು; ದೋಣಿಯನ್ನು ಎಳೆಯುವ ನೆಲವೂ ಆಮೆ ಏರುವ ನೆಲವೂ ಅಳಿಯುವುವು. ಆದುದರಿಂದ ಜೀರ್ಣೋದ್ಧಾರವು ಬುಡದಿಂದ ತೊಡಗಬೇಕು. ಗೋಡೆಯ ಹಿಂದಿನ ಮಣ್ಣು ಸೋರಿಹೋಗದಂತೆ ಸೋಸುಪದರ, ಅದರ ಮೇಲೆ ಸಣ್ಣ ಕಲ್ಲು, ಹೊರಗೆ ದೊಡ್ಡ ಕಲ್ಲು, ಅಡಿಯಲ್ಲಿ ಮುಂದಕ್ಕೆ ಚಾಚಿದ ಪಾದರಕ್ಷಣೆ ಇಷ್ಟೂ ಇರತಕ್ಕದ್ದು. ಇದರೊಡನೆ ಕಳೆದುಹೋದ ಮರಳನ್ನು ತುಂಬಿಕೊಡಬೇಕು; ಆ ಮರಳನ್ನು ಪಕ್ಕದ ದಂಡೆಯಿಂದ ತೆಗೆಯಲಾಗದು. 2010ರಲ್ಲಿ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ನೆರವಿನಿಂದ ಕರ್ನಾಟಕ ಮತ್ತು ಮಹಾರಾಷ್ಟ್ರಗಳಿಗೆ ಮಂಜೂರಾದ ತೀರರಕ್ಷಣೆಯ ಯೋಜನೆಯಲ್ಲಿ ಈ ದೃಷ್ಟಿಯು ಕಾಣುವುದು. ಉಳ್ಳಾಲದಲ್ಲಿ ತೀರದಿಂದ ದೂರದಲ್ಲಿ ಮುಳುಗುದಿಬ್ಬಗಳನ್ನು ನಿರ್ಮಿಸಿ ಅಳಿವೆಯ ಕಟ್ಟೆಗಳನ್ನು ದುರಸ್ತಿಮಾಡಲಾಯಿತು. ಮರವಂತೆಯಲ್ಲಿ ಅಡ್ಡಗಟ್ಟೆಗಳನ್ನು ಕಟ್ಟಲಾಯಿತು. ಅಡ್ಡಗಟ್ಟೆಯಾದರೂ ನಿರ್ದೋಷವಲ್ಲ, ಒಂದು ಮಗ್ಗುಲಲ್ಲಿ ಮರಳನ್ನು ಹಿಡಿದು ಇನ್ನೊಂದು ಮಗ್ಗುಲನ್ನು ಅದು ಬರಿದುಮಾಡಬಲ್ಲದು.

ಕೊನೆಯದಾಗಿ, ನಾವು ಮರೆಯುವ ಅರ್ಥವಾದ ಕಾಲ. ಮಳೆಗಾಲದಲ್ಲಿ ಕಲ್ಲುಕೆಲಸವು ಅಸಾಧ್ಯ. ಮಳೆ ಕಳೆದ ಮೇಲಿನ ತಿಂಗಳುಗಳೇ ಗತಿ. ಆಮೆಯು ದಂಡೆಯೇರುವುದೂ ಚಳಿಗಾಲದ ಆ ದಿನಗಳಲ್ಲಿಯೇ. ಅದು ರಾತ್ರಿ ಬಂದು, ಮರಳಿನಲ್ಲಿ ಕುಳಿ ತೋಡಿ, ಸುಮಾರು 100 ಮೊಟ್ಟೆಗಳನ್ನಿಟ್ಟು ಹಿಂದಿರುಗುವುದು. ಮರಿಗಳು ಹೊರಬರಲು ಹೆಚ್ಚುಕಡಿಮೆ 2 ತಿಂಗಳು ಬೇಕು. ಮರಿಯು ಹೆಣ್ಣೋ ಗಂಡೋ ಎಂಬುದು ಮರಳಿನ ಕಾವನ್ನು ಅವಲಂಬಿಸಿರುವುದು. 1972ರ ವನ್ಯಜೀವಿ ಸಂರಕ್ಷಣಾ ಶಾಸನವು ಈ ಪ್ರಾಣಿಗೆ ಅತ್ಯುನ್ನತ ರಕ್ಷಣೆಯನ್ನಿತ್ತಿದೆ. 2011 ಮತ್ತು 2019ರ ಕರಾವಳಿ ನಿಯಂತ್ರಣ ವಲಯದ ಪ್ರಕಟಣೆಗಳು ಆಮೆ ಮೊಟ್ಟೆಯಿಡುವ ನೆಲವನ್ನು ಪ್ರಥಮ ವರ್ಗದಲ್ಲಿ ಸೇರಿಸಿವೆ. ಆದುದರಿಂದ ಕೆಲಸಕ್ಕೆ ಮುನ್ನ ಪ್ರತಿ ಮುಂಜಾನೆಯೂ ಗೂಡುಗಳನ್ನು ಅರಸಿ ಗುರುತಿಡುವುದು, ಯಂತ್ರಗಳಿಗೆ ಒಂದೇ ದಾರಿಯನ್ನು ನಿಯಮಿಸುವುದು, ಇರುಳಿನಲ್ಲಿ ಕೆಲಸವನ್ನೂ ದೀಪವನ್ನೂ ನಿಲ್ಲಿಸುವುದು, ಗೂಡನ್ನು ಸ್ಥಳಾಂತರಿಸಲೇಬೇಕಾದರೆ ಅರಣ್ಯ ಇಲಾಖೆಯ ಮೂಲಕವೇ ಮಾಡಿಸುವುದು, ಇವು ಆವಶ್ಯಕವಾದ ನಿಯಮಗಳು.

ಆಮೆಗಾಗಿ ಮನುಷ್ಯನ ಮನೆಯನ್ನು ಕಡಲಿಗೊಪ್ಪಿಸಬೇಕೆ ಎಂದು ಕೇಳುವವರುಂಟು. ಮೇಲೆ ಹೇಳಿದುದರಿಂದ ಆ ಪ್ರಶ್ನೆಯೇ ಸರಿಯಲ್ಲವೆಂದು ತೋರುವುದು. ಆಮೆಗೆ ಬೇಕಾದ ಅಗಲವಾದ ದಂಡೆಯೇ ಮನೆಯನ್ನು ಕಾಯುವ ಮೊದಲ ಕೋಟೆ. ಕಡಲಿನ ಮರ್ಯಾದೆಯು ಗೆರೆಯಲ್ಲ. ಕಾಲಕಾಲಕ್ಕೆ ಹಿಗ್ಗಿ ಕುಗ್ಗುವ ಮರಳಿನ ಬಯಲು. ಮೂರು ಅರ್ಥಗಳನ್ನು ಒಂದು ಶಬ್ದದಲ್ಲಿ ಕೂಡಿಸಿದ ಪ್ರಾಚೀನರು ಈ ಯಂತ್ರಶಾಸ್ತ್ರವನ್ನು ಬಲ್ಲವರಾಗಿದ್ದರೆಂದು ನಾನು ಹೇಳಲಾರೆನು. ಆದರೆ ಆ ಶಬ್ದದ ಒಂದರ್ಥವನ್ನೇ ಹಿಡಿದು ಗೋಡೆ ಕಟ್ಟಿದವನು ಉಳಿದೆರಡರಿಂದ ಸೋಲುವನೆಂಬುದು ನಿಶ್ಚಯ.