ಗೋಮಾಳದಾಚೆಯ ಪಬ್

ಆಕ್ಸ್‌ಫರ್ಡ್ ಅಂದರೆ ನಮಗೆ ಕಾಲೇಜು, ಗೋಪುರ, ನಿಘಂಟು. ಕನ್ನಡಿಗರಿಗೆ ಇನ್ನೊಂದು ನೆನಪೂ ಉಂಟು. ಗಿರೀಶ ಕಾರ್ನಾಡರು ಓದಿದ ಊರು ಇದು. 1963ರಲ್ಲಿ ಇಲ್ಲಿನ ಚರ್ಚಾಕೂಟವಾದ ಆಕ್ಸ್‌ಫರ್ಡ್ ಯೂನಿಯನ್ನಿನ ಅಧ್ಯಕ್ಷರೂ ಆಗಿದ್ದರು. ಅಷ್ಟನ್ನೇ ನೋಡಿ ವಾಪಸಾಗುವವರೇ ಹೆಚ್ಚು. ಊರ ನಡುವಿನಿಂದ ತುಸು ಉತ್ತರಕ್ಕೆ ನಡೆದರೆ ವಾಲ್ಟನ್ ವೆಲ್ ರಸ್ತೆಯ ಕೊನೆಗೆ ಒಂದು ಗೇಟು ಸಿಗುತ್ತದೆ. ಅದನ್ನು ದಾಟಿದಿರೋ, ಊರು ಮುಗಿಯಿತು. ಮುಂದೆಲ್ಲ ಹುಲ್ಲು, ಆಕಾಶ, ಕಟ್ಟಿಲ್ಲದ ಕುದುರೆಗಳು, ದನ, ಹೆಬ್ಬಾತು.

ಇದರ ಹೆಸರು ಪೋರ್ಟ್ ಮೆಡೋ. ಕನ್ನಡದಲ್ಲಿ ಇದಕ್ಕೊಂದು ಪದ ಮೊದಲೇ ಇದೆ: ಗೋಮಾಳ. ಸುಮಾರು 300 ಎಕರೆಯ ಈ ಹುಲ್ಲುಗಾವಲು ಊರವರ ಮೇವಿನ ಜಾಗವೆಂದು 1086ರ ಡೂಮ್ಸ್‌ಡೇ ಭೂದಾಖಲೆಯಲ್ಲೇ ಬರೆದಿದೆ. ನೇಗಿಲು ಇದನ್ನು ಸೋಕಿಲ್ಲ. ನಗರದ ಫ್ರೀಮನ್‌ಗಳೆಂಬ ಪಾರಂಪರಿಕ ಹಕ್ಕುದಾರರಿಗೂ ಪಕ್ಕದ ವುಲ್ವರ್‌ಕೋಟ್ ಗ್ರಾಮಸ್ಥರಿಗೂ ಇಲ್ಲಿ ಮೇಯಿಸುವ ಹಕ್ಕಿದೆ. ಹಕ್ಕಿಲ್ಲದವರ ದನ ಕುದುರೆಗಳು ನುಸುಳಿವೆಯೇ ಎಂದು ನೋಡಲು, ಮುಂಚೆ ಸುಳಿವು ಕೊಡದೆ ವರ್ಷಕ್ಕೊಮ್ಮೆ ಎಲ್ಲವನ್ನೂ ಅಟ್ಟಿ ಒಂದೆಡೆ ಕೂಡಿಹಾಕುವ ಪದ್ಧತಿ ಆಕ್ಸ್‌ಫರ್ಡಿನ ಶೆರಿಫ್‌ರದು. ಸಿಕ್ಕಿಬಿದ್ದವರು ದಂಡ ತೆತ್ತು ಬಿಡಿಸಿಕೊಳ್ಳಬೇಕು. ನಮ್ಮ ಹಳ್ಳಿಗಳ ದೊಡ್ಡಿಯ ನೆನಪಾಯಿತು. ಅದರ ಹಿಂದೆಯೇ, ನಮ್ಮ ಗೋಮಾಳಗಳೆಲ್ಲ ಸೈಟುಗಳಾದ ಬಗೆ ನೆನಪಾಗಿ ಹೊಟ್ಟೆಯೂ ಉರಿಯಿತು.

ಚಳಿಗಾಲದಲ್ಲಿ ಹೊಳೆ ಉಕ್ಕಿ ಬಯಲು ಕೆರೆಯಾಗುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಬನ್ನಿ, ಆದರೂ ಗಟ್ಟಿ ಬೂಟು ಹಾಕಿಕೊಳ್ಳಿ, ಸಗಣಿಗೆ ಋತುಭೇದವಿಲ್ಲ.

ಹೊಳೆ ಥೇಮ್ಸ್. ಇಲ್ಲಿಯವರು ಅದನ್ನು ಐಸಿಸ್ ಎಂದೂ ಕರೆಯುತ್ತಾರೆ. 2015ರಿಂದ ಲಂಡನ್ನಿನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ನಿಂತಿರುವ ಬಸವಣ್ಣನವರ ಪ್ರತಿಮೆಯ ಮಗ್ಗುಲಲ್ಲಿ ಹರಿದುಹೋಗುವುದೂ ಇದೇ ಹೊಳೆ. ಇಲ್ಲಿ ಅದರ ಅಗಲ ಕಡಿಮೆ, ಅವಸರ ಇನ್ನೂ ಕಡಿಮೆ. ಮೆಡ್ಲಿಯ ಕಾಲುಸೇತುವೆ ದಾಟಿ ಪಶ್ಚಿಮ ದಂಡೆಗೆ ಹೋದರೆ ಥೇಮ್ಸ್ ಪಾತ್ ಸಿಗುತ್ತದೆ. ಒಂದು ಕಾಲಕ್ಕೆ ಸರಕಿನ ದೋಣಿಗಳಿಗೆ ಹಗ್ಗ ಬಿಗಿದು ಕುದುರೆಗಳು ಎಳೆಯುತ್ತಿದ್ದ ದಂಡೆದಾರಿಗಳನ್ನೇ ಹೆಚ್ಚಾಗಿ ಜೋಡಿಸಿ, ಹೊಳೆ ಹುಟ್ಟುವಲ್ಲಿಂದ ಲಂಡನ್ನಿನವರೆಗೆ ಸುಮಾರು 296 ಕಿಲೋಮೀಟರ್ ನಡೆಯಬಹುದಾದ ಹಾದಿಯನ್ನು 1996ರಲ್ಲಿ ತೆರೆದರು. ನಮ್ಮ ಪಾಲಿಗೆ ಅದರಲ್ಲಿ ಮೂರು ಕಿಲೋಮೀಟರಿನಷ್ಟು ಸಾಕು.

ಈ ದಂಡೆಯ ಸಾಲುಮರಗಳನ್ನು 1879ರಲ್ಲಿ ಕಡಿದಾಗ ಕವಿ ಜೆರಾರ್ಡ್ ಮ್ಯಾನ್ಲಿ ಹಾಪ್‌ಕಿನ್ಸ್ ಸಂಕಟಪಟ್ಟು ಕವಿತೆ ಬರೆದರು. ಆಮೇಲೆ ಮರಗಳನ್ನು ಮತ್ತೆ ನೆಟ್ಟರಂತೆ.

ಇಲ್ಲೇ ಎಡಕ್ಕೆ, ಬೇಲಿಯ ಸಂದಿನಲ್ಲಿ ಒಂದು ಕಾಲುದಾರಿ. ಅದು ನೇರ ಬಿನ್ಸಿ ಹಳ್ಳಿಯ ಪರ್ಚ್ ಪಬ್ಬಿನ ಹಿತ್ತಿಲಿಗೆ ಹೋಗಿ ಮುಟ್ಟುತ್ತದೆ. ಹುಲ್ಲು ಹೊದಿಸಿದ ಮಾಡು, ತಗ್ಗು ಬಾಗಿಲು, ಹಿತ್ತಿಲಲ್ಲಿ ನೆಲಕ್ಕೆ ಜೋತ ವಿಲೋ ಮರ. 17ನೇ ಶತಮಾನದ ಕಟ್ಟಡ. 2007ರಲ್ಲಿ ಮಾಡಿಗೆ ಬೆಂಕಿ ಬಿದ್ದಿತ್ತು. ಮತ್ತೆ ಹುಲ್ಲನ್ನೇ ಹೊದಿಸಿದರು.

ಪಬ್ ಅಂದಕೂಡಲೇ ನಮ್ಮ ಕಣ್ಣಿಗೆ ಬರುವುದು ಬೆಂಗಳೂರಿನ ಕತ್ತಲೆ, ಎದೆಗೆ ಗುದ್ದುವ ಸಂಗೀತ. ಇಲ್ಲಿ ಅಜ್ಜಿ, ಮೊಮ್ಮಗು, ಮೇಜಿನ ಕೆಳಗೆ ಒದ್ದೆ ನಾಯಿ. ಹೆಸರೇ ಹೇಳುವಂತೆ ಇದು ಪಬ್ಲಿಕ್ ಹೌಸ್, ಸಾರ್ವಜನಿಕರ ಮನೆ. ಮನೆ ಎಂದಮೇಲೆ ರೀತಿ ರಿವಾಜೂ ಇರುತ್ತವೆ. ಕೂತಲ್ಲಿಗೆ ಯಾರೂ ಬಂದು ಏನು ಬೇಕೆಂದು ಕೇಳುವುದಿಲ್ಲ, ಕೌಂಟರಿನ ಕಟ್ಟೆಗೆ ಹೋಗಿ ಹೇಳಬೇಕು. ಅಲ್ಲಿ ಸಾಲು ಕಾಣಿಸುವುದಿಲ್ಲ, ಆದರೆ ಇದೆ. ಯಾರ ಹಿಂದೆ ಯಾರು ಬಂದರೆಂಬುದು ಒಳಗೆ ನಿಂತವರಿಗೂ ಗೊತ್ತು, ಹೊರಗೆ ನಿಂತವರಿಗೂ ಗೊತ್ತು. ಗುಂಪಿನಲ್ಲಿ ಹೋದರೆ ಒಬ್ಬೊಬ್ಬರು ಒಂದೊಂದು ಸುತ್ತು ಎಲ್ಲರಿಗೂ ಕೊಡಿಸಬೇಕು. ತನ್ನ ಸುತ್ತು ಬರುವ ಹೊತ್ತಿಗೆ ಬಚ್ಚಲಿಗೆ ಎದ್ದುಹೋಗುವವನ ಮರ್ಯಾದೆ ಎಲ್ಲ ದೇಶಗಳಲ್ಲೂ ಒಂದೇ. ಚಿಪ್ಸ್ ಪೊಟ್ಟಣವನ್ನು ಪೂರ್ತಿ ಸೀಳಿ ಮೇಜಿನ ನಡುವೆ ಹರಡುತ್ತಾರೆ, ನಾವು ಪೇಪರಿನ ಮೇಲೆ ಕಡಲೆಪುರಿ ಸುರಿದ ಹಾಗೆ.

ಕಟ್ಟೆಯ ಮೇಲಿನ ಉದ್ದ ಹಿಡಿಗಳನ್ನು ನೋಡಿ. ನೆಲಮಾಳಿಗೆಯ ಪೀಪಾಯಿಯಿಂದ ಏಲ್ ಎಂಬ ಬಿಯರನ್ನು ತೋಳಿನ ಬಲದಿಂದ ಮೇಲೆಳೆಯುವ ಕೈಪಂಪುಗಳವು. ಗ್ಯಾಸಿನ ಒತ್ತಡವಿಲ್ಲ. ಪೀಪಾಯಿಯೊಳಗೆ ಯೀಸ್ಟ್ ಜೀವಂತವಾಗಿದ್ದು, ಪಬ್ಬಿಗೆ ಬಂದಮೇಲೂ ಹುದುಗುವ ಕೆಲಸ ನಡೆದಿರುತ್ತದೆ. ನಮ್ಮ ದೋಸೆ ಹಿಟ್ಟಿನ ಹಾಗೆ ಇದಕ್ಕೂ ಹದ, ಕಾಯುವಿಕೆ. ಪೀಪಾಯಿ ತೆರೆದ ಮೇಲೆ ಮೂರ್ನಾಲ್ಕು ದಿನದೊಳಗೆ ಖಾಲಿಯಾಗದಿದ್ದರೆ ಹುಳಿ. 11ರಿಂದ 13 ಡಿಗ್ರಿ ಅದರ ಹದ, ಫ್ರಿಜ್ಜಿನಷ್ಟು ತಂಪಲ್ಲ. ಕಾರ್ಖಾನೆಯ ಗ್ಯಾಸ್ ಬಿಯರಿನ ಎದುರು ಇದನ್ನು ಉಳಿಸಲೆಂದೇ 1971ರಲ್ಲಿ ಕ್ಯಾಮ್ರಾ ಎಂಬ ಗ್ರಾಹಕರ ಸಂಘಟನೆ ಹುಟ್ಟಿತು. ಪಿಂಟ್ ಅಂದರೆ 568 ಮಿಲಿಲೀಟರ್. ಅರ್ಧ ಕೇಳಿದರೆ ಯಾರೂ ನಗುವುದಿಲ್ಲ. ಮೊದಲ ಗುಟುಕಿಗೆ ‘ತಣ್ಣಗಿಲ್ಲವಲ್ಲ’ ಅನ್ನಿಸೀತು. ಹಾಗಲಕಾಯಿ ಗೊಜ್ಜು ಉಂಡು ಬೆಳೆದವರಿಗೆ ಆ ಕಹಿ ಬೇಗ ಒಗ್ಗುತ್ತದೆ. ಕುಡಿಯದವರಿಗೆ ನಿಂಬೆ ಸೋಡಾ ಇದ್ದೇ ಇದೆ. ಅದನ್ನು ಹಿಡಿದು ಮಧ್ಯಾಹ್ನವೆಲ್ಲ ಕೂತರೂ ಏಳಿ ಅನ್ನುವವರಿಲ್ಲ.

ಎದ್ದಮೇಲೆ ಹಳ್ಳಿಯ ಸಂತ ಮಾರ್ಗರೆಟ್ ಚರ್ಚಿನ ಅಂಗಳದ ಬಾವಿಯನ್ನು ಇಣುಕಿ. ಸಂತ ಫ್ರೈಡ್‌ಸ್ವೈಡಳ ಪ್ರಾರ್ಥನೆಗೆ ಉಕ್ಕಿದ, ಕಣ್ಣು ಕೊಡುವ ತೀರ್ಥವೆಂಬ ಪ್ರತೀತಿ. ಇದರ ಅಡ್ಡಹೆಸರು ಟ್ರೀಕಲ್ ಬಾವಿ. ಆ ಪದಕ್ಕೆ ಹಿಂದೆ ಔಷಧ ಎಂಬ ಅರ್ಥವಿತ್ತು, ಈಗ ಕಾಕಂಬಿ. ಆ ಅರ್ಥಾಂತರವನ್ನು ಹಿಡಿದೇ ಲೂಯಿಸ್ ಕ್ಯಾರೊಲ್ ಕಾಕಂಬಿ ಬಾವಿಯಲ್ಲಿ ವಾಸಿಸುವ ಮೂವರು ಅಕ್ಕತಂಗಿಯರನ್ನು ಆಲಿಸಳ ಕಥೆಗೆ ತಂದದ್ದು. ಆ ಕಥೆ ಹುಟ್ಟಿದ್ದೂ ಈ ಹೊಳೆಯ ಮೇಲೆಯೇ. 1862ರ ಜುಲೈ 4ರಂದು ಲಿಡೆಲ್ ಮನೆಯ ಮೂವರು ಹುಡುಗಿಯರೊಂದಿಗೆ ಗಾಡ್‌ಸ್ಟೋವರೆಗೆ ದೋಣಿಯಲ್ಲಿ ಹೋಗುತ್ತ ಅವರು ಅದನ್ನು ಹೇಳಿದರು.

ದಂಡೆದಾರಿಯಲ್ಲೇ ಮುಂದೆ ಸಿಗುವ ಆ ಗಾಡ್‌ಸ್ಟೋದಲ್ಲಿ ಈಗ ಉಳಿದಿರುವುದು ಸನ್ಯಾಸಿನಿಯರ ಮಠದ ಮೋಟುಗೋಡೆಗಳು. ದೊರೆ ಎರಡನೇ ಹೆನ್ರಿಯ ಪ್ರೇಯಸಿ ರೋಸಮಂಡಳನ್ನು ಹೂಳಿದ್ದು ಇಲ್ಲಿ. 1191ರಲ್ಲಿ ಬಿಷಪ್ಪರು ಅವಳ ಸಮಾಧಿಯನ್ನು ಚರ್ಚಿನಿಂದ ಹೊರಹಾಕಿಸಿದರು; 1539ರಲ್ಲಿ ಮಠವೇ ಮುಚ್ಚಿತು. ಸೇತುವೆಯಾಚೆ ಟ್ರೌಟ್ ಎಂಬ ಇನ್ನೊಂದು ಹಳೆಯ ಪಬ್ಬಿದೆ. ನಮಗೆ ಅಂದು ಒಂದೇ ಸಾಕಾಗಿತ್ತು.

ಮರಳುವಾಗ ಗೋಮಾಳದ ಗೇಟಿಗೆ ಅಡ್ಡಲಾಗಿ ಒಂದು ಕೆಂದ ಹಸು ಮೆಲುಕು ಹಾಕುತ್ತ ನಿಂತಿತ್ತು. ಹಿಂದೆ ಬಂದ ದಂಪತಿ, ಸೈಕಲ್ಲಿನ ಹುಡುಗ, ನಾವು, ಎಲ್ಲರೂ ನಿಂತೆವು. ಯಾರೂ ಹಚಾ ಅನ್ನಲಿಲ್ಲ. ದಂಪತಿಗಳಲ್ಲಿ ಆಕೆ ಗಡಿಯಾರ ನೋಡಿಕೊಂಡರು. ಹಸು ತನ್ನ ಹೊತ್ತಿಗೆ ಸರಿಯಿತು.